ಬೆರಳ ಗಂಟಿನ ವಾತ: ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು



ಉಳಿತಾಯ, ಸಾಲ, ಮರುಪಾವತಿ ಎಲ್ಲಾ ಬರೆದು ಮುಗಿಸಿ ಚಾಪೆ ಮಡಿಸುವ ಹೊತ್ತಿಗೆ ಯಾರಾದರೊಬ್ಬರು ನಮ್ಮ ಮುಂದೆ ಕೈ ಚಾಚುತ್ತಾರೆ. “ಸಿಸ್ಟರ್, ಬೆರಳಿನ ಗಂಟೆಲ್ಲಾ ಊದಿದೆ ನೋಡಿ. ಬೆಳಗ್ಗೆ ಮುಷ್ಟಿ ಕಟ್ಟಲಿಕ್ಕೇ ಆಗುವುದಿಲ್ಲ. ಇದಕ್ಕೆ ಏನಾದರೂ ಮನೆಮದ್ದು ಉಂಟಾ?” ಎಂದು ಕೇಳುತ್ತಾರೆ. ಹೆಚ್ಚಿನ ಸಂಘಗಳಲ್ಲಿ ಈ ಪ್ರಶ್ನೆ ಬಂದಿರುವುದರಿಂದ ಈ ಸಲ ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನೋವು ಕಡಿಮೆ ಮಾಡಿಕೊಳ್ಳಲು, ಕೈಕಾಲು ಸಲೀಸಾಗಿ ಆಡಲು ಮನೆಯಲ್ಲೇ ಮಾಡಬಹುದಾದ ದಾರಿಗಳು ಬೇಕಾದಷ್ಟಿವೆ. ಖರ್ಚೂ ಇಲ್ಲ. ಆದರೆ ಗಂಟುಗಳು ಹಾಳಾಗದಂತೆ ತಡೆಯಲು ಅವುಗಳಿಂದ ಮಾತ್ರ ಆಗುವುದಿಲ್ಲ. ಅದಕ್ಕೆ ವೈದ್ಯರ ಮಾತ್ರೆ ಬೇಕು, ಅದೂ ಬೇಗ ಬೇಕು. ಮನೆಯ ಆರೈಕೆ ಮತ್ತು ಆಸ್ಪತ್ರೆಯ ಔಷಧಿ ಎರಡೂ ಒಂದೇ ಗಾಡಿಗೆ ಕಟ್ಟಿದ ಜೋಡೆತ್ತುಗಳು. ಒಂದನ್ನು ಬಿಚ್ಚಿ ಬಿಟ್ಟರೆ ಗಾಡಿ ಓಡುವುದಿಲ್ಲ.

ಎಲ್ಲಾ ಗಂಟುನೋವು ಒಂದೇ ಅಲ್ಲ

ನಮ್ಮಲ್ಲಿ ಯಾವ ಗಂಟು ನೋವು ಬಂದರೂ “ವಾತ”, “ವಾಯು” ಎಂದು ಒಂದೇ ಹೆಸರು ಹೇಳುವುದು ರೂಢಿ. ಆದರೆ ಒಳಗಿನ ಕಾಯಿಲೆ ಬೇರೆ ಬೇರೆ ಇರುತ್ತದೆ.

ವಯಸ್ಸಾದಂತೆ ಬರುವ ಮಂಡಿನೋವು ಗಂಟಿನ ಸವೆತದಿಂದ ಬರುವಂಥದ್ದು. ನಡೆದರೆ, ಮೆಟ್ಟಿಲು ಹತ್ತಿದರೆ ಹೆಚ್ಚು, ಕೂತರೆ ಕಡಿಮೆ. ಬೆಳಗ್ಗೆ ಎದ್ದಾಗ ಬಿಗಿತವಿದ್ದರೂ ನಾಲ್ಕು ಹೆಜ್ಜೆ ಹಾಕಿದಾಗ ಸಡಿಲವಾಗುತ್ತದೆ.

ಕಾಲಿನ ಹೆಬ್ಬೆರಳಿನ ಬುಡ ಒಂದೇ ರಾತ್ರಿಯಲ್ಲಿ ಕೆಂಪಾಗಿ ಊದಿಕೊಂಡು ಮುಟ್ಟಲಿಕ್ಕೂ ಬಿಡದಂತೆ ನೋಯುವುದು ಹೆಚ್ಚಾಗಿ ಯೂರಿಕ್ ಆಸಿಡ್ ಏರಿದವರಲ್ಲಿ. ಗಂಡಸರಲ್ಲಿ ಇದು ಜಾಸ್ತಿ.

ಚಿಕುನ್‌ಗುನ್ಯಾ ಜ್ವರ ನಿಮಗೆ ನೆನಪಿರಬಹುದು. 2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಜನ ಆ ಜ್ವರದಲ್ಲಿ ಮಲಗಿದರು. ಜ್ವರ ವಾರದಲ್ಲಿ ಬಿಟ್ಟರೂ ಕೆಲವರಿಗೆ ಗಂಟುನೋವು ತಿಂಗಳುಗಟ್ಟಲೆ ಉಳಿಯಿತು. ಸೊಳ್ಳೆಯಿಂದ ಬರುವ ಆ ಜ್ವರ ಈಗಲೂ ಆಗಾಗ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಗಂಟುನೋವಿಗೆ ಮೊದಲು ಜ್ವರ ಬಂದಿತ್ತಾ ಎಂದು ವೈದ್ಯರು ಕೇಳಿದರೆ ಸರಿಯಾಗಿ ನೆನಪು ಮಾಡಿ ಹೇಳಬೇಕು.

ನಾವು ಇಲ್ಲಿ ಬರೆಯುತ್ತಿರುವುದು ನಾಲ್ಕನೆಯ ಬಗೆಯನ್ನು. ವೈದ್ಯರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಕನ್ನಡದಲ್ಲಿ ಕೀಲುವಾತ, ಸಂಧಿವಾತ ಎಂದು ಬರೆಯುತ್ತಾರೆ. ಆಯುರ್ವೇದದ ‘ಮಾಧವ ನಿದಾನ’ ಎಂಬ ಹಳೆಯ ಗ್ರಂಥದಲ್ಲಿ ‘ಆಮವಾತ’ ಎಂದು ಹೇಳಿರುವ ಕಾಯಿಲೆಯ ಲಕ್ಷಣಗಳು ಬಹುಮಟ್ಟಿಗೆ ಇದನ್ನು ಹೋಲುತ್ತವೆ.

ಇದು ಯಾಕೆ ಬರುತ್ತದೆ?

ರೋಗಾಣು ಒಳಗೆ ಬಂದರೆ ಹೋರಾಡಲು ನಮ್ಮ ದೇಹದಲ್ಲಿ ಒಂದು ಕಾವಲು ವ್ಯವಸ್ಥೆ ಇದೆ. ಮನೆಯ ಕಾವಲು ನಾಯಿಗೆ ಹುಚ್ಚು ಹಿಡಿದರೆ ಕಳ್ಳನನ್ನು ಬಿಟ್ಟು ಮನೆಯವರನ್ನೇ ಕಚ್ಚುತ್ತದಲ್ಲಾ, ಹಾಗೆಯೇ ಈ ಕಾಯಿಲೆಯಲ್ಲಿ ಆ ಕಾವಲು ವ್ಯವಸ್ಥೆ ನಮ್ಮ ಗಂಟುಗಳ ಒಳಪದರದ ಮೇಲೇ ತಿರುಗಿ ಬೀಳುತ್ತದೆ. ಒಳಪದರ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೃದು ಎಲುಬನ್ನೂ ಗಟ್ಟಿ ಎಲುಬನ್ನೂ ಮೆಲ್ಲಗೆ ಕೊರೆಯುತ್ತಾ ಹೋಗುತ್ತದೆ. ಬೆರಳು ಸೊಟ್ಟಗಾಗುವುದು ಹೀಗೆ.

ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು. ಯಾವ ವಯಸ್ಸಿನಲ್ಲೂ ಬರಬಹುದು, ಆದರೆ ಹೆಚ್ಚಿನವರಿಗೆ ಶುರುವಾಗುವುದು 30ರಿಂದ 60ರ ಒಳಗೆ, ಅಂದರೆ ಮನೆ, ಮಕ್ಕಳು, ದುಡಿಮೆ ಎಲ್ಲಾ ನಮ್ಮ ಕೈಯ ಮೇಲೇ ನಿಂತಿರುವ ಕಾಲದಲ್ಲಿ. ಮನೆಯಲ್ಲಿ ರಕ್ತಸಂಬಂಧಿಗಳಿಗೆ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೂ ಹೆಚ್ಚು.

ಇದು ಅಂಟು ರೋಗ ಅಲ್ಲ. ತಣ್ಣೀರಲ್ಲಿ ಬಟ್ಟೆ ಒಗೆದದ್ದರಿಂದ, ಬಾಣಂತನ ಸರಿಯಾಗಿ ಆಗದ್ದರಿಂದ, ಹುಳಿ ತಿಂದದ್ದರಿಂದ ಬಂದದ್ದೂ ಅಲ್ಲ. ಯಾರ ಶಾಪವೂ ಅಲ್ಲ. ಕಾಯಿಲೆ ಬಂದವಳು ಏನೋ ತಪ್ಪು ಮಾಡಿದ್ದಾಳೆ ಎಂಬ ಮಾತು ನಮ್ಮ ಸಂಘದಲ್ಲಿ ಯಾರ ಬಾಯಿಂದಲೂ ಬರಬಾರದು.

ಗುರುತಿಸುವುದು ಹೇಗೆ?

ಮೂರು ವಿಷಯ ನೆನಪಿಡಿ. ಸಭೆಯಲ್ಲಿ ಕೂತಲ್ಲೇ ಇದನ್ನು ನೋಡಿಕೊಳ್ಳಬಹುದು.

1. ಬೆಳಗಿನ ಬಿಗಿತ: ಎದ್ದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈಕಾಲು ಬಿಗಿಯಾಗಿ ಇರುತ್ತದೆಯೇ? ಸೀರೆಗೆ ಪಿನ್ನು ಹಾಕಲು, ಕೂದಲು ಬಾಚಲು, ಹಾಲು ಕರೆಯಲು ಆಗುವುದಿಲ್ಲವೇ?

2. ಊತ: ಮೂರು ಅಥವಾ ಹೆಚ್ಚು ಗಂಟುಗಳು ಊದಿವೆಯೇ? ಹೆಚ್ಚಾಗಿ ಎರಡೂ ಕೈ, ಎರಡೂ ಕಾಲು ಒಂದೇ ತರಹ ಊದುತ್ತವೆ.

3. ಹಿಂಡಿದರೆ ನೋವು: ಕೈಕುಲುಕುವಾಗ ಹಿಡಿಯುವ ಹಾಗೆ, ಬೆರಳುಗಳ ಬುಡದ ಗಂಟುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ. ಜೀವ ಹೋದ ಹಾಗೆ ನೋಯುತ್ತದೆಯೇ? ಕಾಲ್ಬೆರಳುಗಳ ಬುಡದಲ್ಲೂ ಹೀಗೇ ಒತ್ತಿ ನೋಡಿ.

ಇವುಗಳಲ್ಲಿ ಒಂದಾದರೂ ಆರು ವಾರ ಬಿಡದೆ ಇದ್ದರೆ ಇನ್ನು ಕಾಯಬಾರದು. ಇದರ ಜೊತೆಗೆ ವಿಪರೀತ ಸುಸ್ತು, ಹಸಿವಿಲ್ಲದಿರುವುದು, ಸಣ್ಣ ಜ್ವರ, ರಕ್ತಹೀನತೆ ಕೂಡ ಬರುತ್ತವೆ. ಇದು ಬರೀ ಗಂಟಿನ ಕಾಯಿಲೆಯಲ್ಲ, ಇಡೀ ದೇಹದ ಕಾಯಿಲೆ. ಆದ್ದರಿಂದಲೇ “ಮಧ್ಯಾಹ್ನದ ಮೇಲೆ ಚೆನ್ನಾಗಿಯೇ ಇರುತ್ತಾಳೆ, ಬೆಳಗ್ಗೆ ಮಾತ್ರ ಸೋಮಾರಿತನ” ಎಂಬ ಅತ್ತೆಯ ಮಾತು, ಗಂಡನ ಮಾತು ಬಹಳ ಅನ್ಯಾಯದ್ದು. ಬೆಳಗ್ಗೆ ಆಗದಿರುವುದೇ ಈ ಕಾಯಿಲೆಯ ಗುರುತು.

ಬೇಗ ಯಾಕೆ ಹೋಗಬೇಕು?

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುತ್ತಾರೆ. ಈ ಕಾಯಿಲೆಗೆ ಆ ಮಾತು ಸರಿಯಾಗಿ ಹೊಂದುತ್ತದೆ. ಶುರುವಾದ ಮೂರರಿಂದ ಆರು ತಿಂಗಳ ಒಳಗೆ ಚಿಕಿತ್ಸೆ ಹಿಡಿದರೆ ಗಂಟುಗಳನ್ನು ಉಳಿಸಿಕೊಳ್ಳುವ ಅವಕಾಶ ತುಂಬಾ ಚೆನ್ನಾಗಿರುತ್ತದೆ. ಎಲುಬು ಒಮ್ಮೆ ಕೊರೆದು ಹೋದ ಮೇಲೆ ಯಾವ ಮಾತ್ರೆಯೂ ಯಾವ ತೈಲವೂ ಅದನ್ನು ಮೊದಲಿನ ಹಾಗೆ ಮಾಡುವುದಿಲ್ಲ. ಒಂದು ವರ್ಷ ಎಣ್ಣೆ, ಇನ್ನೊಂದು ವರ್ಷ ಪುಡಿ, ಮೂರನೆಯ ವರ್ಷ ಆಸ್ಪತ್ರೆ ಎಂದು ಹೋದವರ ಬೆರಳುಗಳನ್ನು ನಾವು ನೋಡಿದ್ದೇವೆ. ನೋವು ಈಗ ಹತೋಟಿಯಲ್ಲಿದೆ, ಆದರೆ ಲೋಟ ಹಿಡಿಯಲು ಎರಡೂ ಅಂಗೈ ಬೇಕು.

ಮೊದಲು ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜಿಗೆ ಚೀಟಿ ಬರೆದುಕೊಡುತ್ತಾರೆ. ರಕ್ತದಲ್ಲಿ ಇ.ಎಸ್.ಆರ್., ಸಿ.ಆರ್.ಪಿ., ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎಂಬ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಒಂದು ಮಾತು: ಆರ್.ಎ. ಫ್ಯಾಕ್ಟರ್ ‘ಇಲ್ಲ’ ಎಂದು ಬಂದರೂ ಕಾಯಿಲೆ ಇರಬಹುದು. ‘ಇದೆ’ ಎಂದು ಬಂದವರಿಗೆಲ್ಲಾ ಕಾಯಿಲೆ ಇರಬೇಕೆಂದೂ ಇಲ್ಲ. ಕಾಗದ ನೋಡಿ ನಾವೇ ತೀರ್ಮಾನ ಮಾಡುವುದು ಬೇಡ, ವೈದ್ಯರು ಗಂಟು ಮುಟ್ಟಿ ನೋಡಿ ಹೇಳಲಿ.

ಮಾತ್ರೆಯ ಬಗ್ಗೆ ಎರಡು ಮಾತು

ಈ ಕಾಯಿಲೆಗೆ ಹೆಚ್ಚಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಹಳೆಯ ಔಷಧಿ, ಬೆಲೆಯೂ ಕಡಿಮೆ. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಬಾಯಲ್ಲಿ ಹುಣ್ಣು ಬಂದು, ರಕ್ತದ ಕಣಗಳು ಇಳಿದು ಆಸ್ಪತ್ರೆಗೆ ಸೇರುವವರಲ್ಲಿ ಇದನ್ನು ತಪ್ಪಿ ದಿನಾ ನುಂಗಿದವರೂ ಇರುತ್ತಾರೆ. ಆದ್ದರಿಂದ ಯಾವ ವಾರ ಎಂದು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರು ಒಪ್ಪಿದರೆ ಸಂಘದ ವಾರದ ಸಭೆಯ ದಿನವನ್ನೇ ಮಾತ್ರೆಯ ದಿನ ಮಾಡಿಕೊಳ್ಳಿ. “ಇವತ್ತು ನಿನ್ನ ಮಾತ್ರೆ ದಿನ ಅಲ್ವಾ?” ಎಂದು ಕೇಳಲು ಹತ್ತು ಹದಿನೈದು ಜನ ಇರುತ್ತಾರೆ.

ಇದರ ಜೊತೆಗೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಡುತ್ತಾರೆ, ಅದನ್ನು ಬಿಡಬಾರದು. ಹೇಳಿದ ಸಮಯಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರು ಮತ್ತು ಹಾಲೂಡಿಸುವವರು ಈ ಮಾತ್ರೆ ತೆಗೆದುಕೊಳ್ಳಲೇಬಾರದು. ಮಗು ಬೇಕೆಂದು ಇರುವವರು ಮೊದಲೇ ವೈದ್ಯರಿಗೆ ಹೇಳಿದರೆ ಬೇರೆ ಔಷಧಿ ಕೊಡುತ್ತಾರೆ. ಜ್ವರ, ಕೆಮ್ಮು, ಉರಿಮೂತ್ರ ಎಂದು ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಈ ಚೀಟಿ ತೋರಿಸಿ. ಕೆಲವು ಮಾತ್ರೆಗಳು ಇದರ ಜೊತೆಗೆ ಸೇರಿದರೆ ಅಪಾಯ. ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಇನ್ನೊಂದು ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಹೇಳಿದಾಗ ಕಣ್ಣು ಪರೀಕ್ಷೆ ಮಾಡಿಸಬೇಕು.

ಇವು ನೋವಿನ ಮಾತ್ರೆಗಳಲ್ಲ. ಕೆಲಸ ಶುರು ಮಾಡಲು ಆರರಿಂದ ಹನ್ನೆರಡು ವಾರ ಬೇಕು. “ಹದಿನೈದು ದಿನ ನುಂಗಿದೆ, ಏನೂ ಗುಣ ಕಾಣಲಿಲ್ಲ, ಬಿಟ್ಟೆ” ಎನ್ನುವವರು ಬಹಳ. ಆ ಕಾಯುವ ದಿನಗಳಲ್ಲಿ ನಮ್ಮ ಕೈ ಹಿಡಿಯುವುದೇ ಮನೆಯ ಆರೈಕೆ.

ಮನೆಯಲ್ಲಿ ಮಾಡುವ ಆರೈಕೆ

ಬಿಸಿ ಮತ್ತು ತಂಪು: ಬೆಳಗಿನ ಬಿಗಿತಕ್ಕೆ ಬಿಸಿ ಒಳ್ಳೆಯದು. ಒಲೆ ಹಚ್ಚಿದ ಕೂಡಲೇ ಒಂದು ಬೋಗುಣಿಯಲ್ಲಿ ಹದವಾದ ಬಿಸಿನೀರು ಇಟ್ಟುಕೊಂಡು ಹತ್ತು ನಿಮಿಷ ಕೈ ಮುಳುಗಿಸಿ, ನೀರಿನಲ್ಲೇ ಬೆರಳು ಮಡಿಸಿ ಬಿಡಿಸಿ. ಲಕ್ಕಿ ಸೊಪ್ಪು (ಕೆಲವು ಕಡೆ ನೆಕ್ಕಿ ಎನ್ನುತ್ತಾರೆ) ಕುದಿಸಿದ ನೀರಾದರೂ ಆಗಬಹುದು, ಬರೀ ಬಿಸಿನೀರಾದರೂ ಆಗಬಹುದು. ಉಪ್ಪು ಅಥವಾ ಮರಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವ ನಮ್ಮ ಅಜ್ಜಿಯರ ಕ್ರಮವೂ ಒಳ್ಳೆಯದೇ. ಸಕ್ಕರೆ ಕಾಯಿಲೆ ಇದ್ದು ಕಾಲು ಜೋಮು ಹಿಡಿದವರಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಅವರಿಗೆ ಬೇರೆಯವರು ಬಿಸಿ ನೋಡಿ ಕೊಡಬೇಕು.

ಆದರೆ ಗಂಟು ಆಗಲೇ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಊದಿಕೊಂಡಿದ್ದರೆ ಅದಕ್ಕೆ ಬಿಸಿ ಬೇಡ. ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ ಇಡಿ. ಅಂಥ ಗಂಟನ್ನು ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಲೂಬಾರದು. ಆಯುರ್ವೇದದಲ್ಲೂ ಆಮವಾತ ಜೋರಾಗಿರುವಾಗ ಎಣ್ಣೆ ಬಿಟ್ಟು ಒಣ ಶಾಖವನ್ನೇ ಹೇಳುತ್ತಾರೆ.

ವ್ಯಾಯಾಮ: “ನೋಯುತ್ತದೆ, ಅದಕ್ಕೆ ಅಲ್ಲಾಡಿಸುವುದಿಲ್ಲ” ಎಂದು ಕೂತರೆ ಗಂಟು ಇನ್ನಷ್ಟು ಬಿಗಿಯುತ್ತದೆ, ಸುತ್ತಲಿನ ಮಾಂಸಖಂಡ ಕರಗುತ್ತದೆ. ಬ್ರಿಟನ್ನಿನಲ್ಲಿ ಈ ಕಾಯಿಲೆಯ 490 ಮಂದಿಯ ಮೇಲೆ ಒಂದು ಅಧ್ಯಯನ ನಡೆದು 2015ರಲ್ಲಿ ಪ್ರಕಟವಾಯಿತು. ಔಷಧಿಯ ಜೊತೆಗೆ ಕೈಯ ವ್ಯಾಯಾಮವನ್ನೂ ಕ್ರಮವಾಗಿ ಮಾಡಿದವರ ಕೈ, ಒಂದು ವರ್ಷದ ನಂತರ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಣ ಬೇಡದ ಚಿಕಿತ್ಸೆ ಇದು. ಬಿಸಿನೀರಿನಲ್ಲಿ ಕೈ ಇಟ್ಟ ಮೇಲೆ ಮಾಡಿ:

1. ಬೆರಳುಗಳನ್ನು ನೇರವಾಗಿ ನೀಡಿ, ಮೆಲ್ಲಗೆ ಮುಷ್ಟಿ ಕಟ್ಟಿ, ಮತ್ತೆ ಬಿಡಿಸಿ.
2. ಹೆಬ್ಬೆರಳಿನ ತುದಿಯನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸಿ.
3. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮೇಲೆತ್ತಿ.
4. ಮಣಿಕಟ್ಟನ್ನು ಮೇಲೆ, ಕೆಳಗೆ ಬಾಗಿಸಿ.
5. ಜಡೆ ಹಾಕುವಾಗಿನ ಹಾಗೆ ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ, ಆಮೇಲೆ ಸೊಂಟದ ಹಿಂದಕ್ಕೆ.
6. ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಮಂಡಿಯನ್ನು ನೇರ ಮಾಡಿ ಐದು ಎಣಿಸುವವರೆಗೆ ಹಿಡಿದು ಬಿಡಿ.

ಮೊದಲ ವಾರ ಐದೈದು ಸಲ ಸಾಕು, ಮೆಲ್ಲಗೆ ಹತ್ತಕ್ಕೆ ಏರಿಸಿ. ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ನೋವು ಹೆಚ್ಚಿಯೇ ಇದ್ದರೆ ಮರುದಿನ ಅರ್ಧ ಮಾಡಿ. ಊತ ಜೋರಾಗಿರುವ ದಿನ ಬರೀ ಬಿಡಿಸಿ ಮಡಿಸಿದರೆ ಸಾಕು. ದಿನಕ್ಕೆ ಅರ್ಧ ಗಂಟೆ ನಡೆಯುವುದು ಹೃದಯಕ್ಕೂ ಒಳ್ಳೆಯದು, ಯಾಕೆಂದರೆ ಈ ಕಾಯಿಲೆಯವರಿಗೆ ಹೃದಯದ ತೊಂದರೆಯ ಸಾಧ್ಯತೆ ಸ್ವಲ್ಪ ಹೆಚ್ಚು. ಯೋಗ ಮಾಡುವವರು ಮಾಡಬಹುದು, ಆದರೆ ಕುತ್ತಿಗೆಯ ಮೇಲೆ ಭಾರ ಬೀಳುವ ಶೀರ್ಷಾಸನ, ಸರ್ವಾಂಗಾಸನ ಬೇಡ. ಬಹಳ ವರ್ಷ ಕಾಯಿಲೆ ಇದ್ದವರಿಗೆ ಕುತ್ತಿಗೆಯ ಮೇಲ್ಭಾಗದ ಗಂಟು ಸಡಿಲವಾಗಿರಬಹುದು. ಅಂಥವರ ಕುತ್ತಿಗೆಯನ್ನು ಯಾರೂ ‘ಲಟಕ್’ ಎಂದು ತಿರುಗಿಸಬಾರದು.

ವಿಶ್ರಾಂತಿ ಮತ್ತು ನಿದ್ದೆ: ಮಧ್ಯಾಹ್ನ ಅರ್ಧ ಗಂಟೆ ಮಲಗುವುದು ಮೈಗಳ್ಳತನ ಅಲ್ಲ, ಚಿಕಿತ್ಸೆಯ ಭಾಗ. ಮಲಗುವಾಗ ಮಂಡಿಯ ಕೆಳಗೆ ತಲೆದಿಂಬು ಇಡುವ ಅಭ್ಯಾಸ ಬೇಡ, ಮಂಡಿ ಮಡಿಸಿದ ಹಾಗೇ ಬಿಗಿದುಕೊಳ್ಳುತ್ತದೆ.

ಕೆಲಸ ಬಿಡದೆ ಗಂಟು ಉಳಿಸುವುದು

ಸಣ್ಣ ಗಂಟಿನ ಭಾರವನ್ನು ದೊಡ್ಡ ಗಂಟಿಗೆ ವರ್ಗಾಯಿಸಬೇಕು. ಇಷ್ಟೇ ಇದರ ಗುಟ್ಟು. ಬೆರಳಿನಲ್ಲಿ ಮಾಡುವುದನ್ನು ಅಂಗೈಯಲ್ಲಿ, ಅಂಗೈಯಲ್ಲಿ ಮಾಡುವುದನ್ನು ಮೊಣಕೈಯಲ್ಲಿ ಮಾಡಿ.

• ಕೊಡದ ಕಂಠವನ್ನು ಬೆರಳಲ್ಲಿ ಹಿಡಿದು ಎತ್ತಬೇಡಿ. ಅರ್ಧ ಕೊಡ ತುಂಬಿಸಿ, ಸೊಂಟದ ಮೇಲಿಟ್ಟು ತೋಳಿನಲ್ಲಿ ಬಳಸಿ ಹಿಡಿಯಿರಿ. ಬಾವಿಯಿಂದ ಸೇದುವವರು ರಾಟೆ ಹಾಕಿಸಿ, ಸಣ್ಣ ಬಿಂದಿಗೆ ಬಳಸಿ.

• ಬಟ್ಟೆ ಹಿಂಡುವುದು ಬೆರಳಿಗೆ ಬಹಳ ಕೆಟ್ಟದು. ನೀರು ಇಳಿಯುವ ಹಾಗೇ ತಂತಿಯ ಮೇಲೆ ಹರವಿ. ಬೆಡ್‌ಶೀಟು, ಪಂಚೆ ಮನೆಯ ಗಂಡಸರು ಹಿಂಡಲಿ.

• ಅನ್ನದ ಗಂಜಿ ಬಸಿಯಲು ಇಡೀ ಪಾತ್ರೆ ಎತ್ತಿ ಬಗ್ಗಿಸುವ ಬದಲು ತೂತಿನ ಸೌಟಿನಲ್ಲಿ ಅನ್ನವನ್ನೇ ತೆಗೆಯಿರಿ. ಪಾತ್ರೆ ಇಳಿಸುವಾಗ ದಪ್ಪ ಬಟ್ಟೆ ಹಿಡಿದು ಎರಡೂ ಅಂಗೈ ಬಳಸಿ.

• ಚಾಕು, ಸೌಟು, ಪೊರಕೆ, ಕತ್ತಿಯ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿ. ಹಿಡಿ ದಪ್ಪವಾದಷ್ಟೂ ಬೆರಳಿಗೆ ಒತ್ತಡ ಕಡಿಮೆ.

• ಬೀಡಿ ಕಟ್ಟುವವರು, ಮಲ್ಲಿಗೆ ಕಟ್ಟುವವರು, ಅಡಿಕೆ ಸುಲಿಯುವವರು, ಹೊಲಿಗೆಯವರು ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಬೆರಳು ಬಿಡಿಸಿ. ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂತು ಆಮೇಲೆ ಒಟ್ಟಿಗೆ ವಿಶ್ರಾಂತಿ ತೆಗೆದುಕೊಂಡರೆ ಪ್ರಯೋಜನ ಇಲ್ಲ.

• ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರುವುದನ್ನು ಕಡಿಮೆ ಮಾಡಿ. ಪಾತ್ರೆ ತೊಳೆಯಲು ಎತ್ತರದ ಸ್ಟೂಲು ಇಡಿ. ಶೌಚಾಲಯದಲ್ಲಿ ನಡುವೆ ತೂತಿರುವ ಕುರ್ಚಿ ಇಟ್ಟುಕೊಳ್ಳಲು ನಾಚಿಕೆ ಬೇಡ.

• ಪಾದದ ಗಂಟು ಊದಿದವರು ಬರಿಗಾಲಲ್ಲಿ ನಡೆಯಬೇಡಿ. ಮುಂಭಾಗ ಅಗಲವಿರುವ ಮೆತ್ತನೆಯ ಚಪ್ಪಲಿ ಹಾಕಿ.

ಊಟ

“ಬದನೆಕಾಯಿ ಬಿಡಿ, ಟೊಮೆಟೊ ಬಿಡಿ, ಆಲೂಗಡ್ಡೆ ವಾಯು, ಮೊಸರು ಶೀತ, ಬೇಳೆ ನಂಜು.” ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲರ ಮಾತು ಕೇಳಿದರೆ ಕೊನೆಗೆ ತಟ್ಟೆಯಲ್ಲಿ ಗಂಜಿ ಉಪ್ಪು ಮಾತ್ರ ಉಳಿಯುತ್ತದೆ. ಈ ಕಾಯಿಲೆಯಲ್ಲಿ ಎಲ್ಲರೂ ಬಿಡಲೇಬೇಕಾದ ತರಕಾರಿ ಒಂದೂ ಇಲ್ಲ. ಪಥ್ಯದ ಮಾತು ಹೆಚ್ಚಾಗಿ ಯೂರಿಕ್ ಆಸಿಡ್ ಕಾಯಿಲೆಯದ್ದು ಇಲ್ಲಿಗೆ ಸೇರಿಕೊಂಡದ್ದು. ನಿಮಗೆ ಯಾವುದಾದರೂ ಒಂದು ಪದಾರ್ಥದಿಂದ ಖಂಡಿತಾ ನೋವು ಹೆಚ್ಚುತ್ತದೆ ಎನಿಸಿದರೆ ಅದೊಂದನ್ನೇ ಮೂರು ವಾರ ಬಿಟ್ಟು ನೋಡಿ, ಮತ್ತೆ ತಿಂದು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ತಿನ್ನಿ.

ಭೂತಾಯಿ, ಬಂಗುಡೆಯಂಥ ಎಣ್ಣೆ ಅಂಶ ಇರುವ ಮೀನು ಊತ ಮತ್ತು ಬಿಗಿತವನ್ನು ಸ್ವಲ್ಪ ಇಳಿಸಲು ಸಹಾಯ ಮಾಡುತ್ತದೆ. ಬಡವರ ಮೀನೇ ಇಲ್ಲಿ ದೊಡ್ಡ ಔಷಧಿ. ವಾರಕ್ಕೆ ಎರಡು ಮೂರು ಸಲ ಸಾರು ಮಾಡಿ ತಿನ್ನಿ, ಕರಿಯುವುದು ಕಡಿಮೆ ಇರಲಿ. ಮೀನು ತಿನ್ನದವರಿಗೆ ಅಗಸೆ ಬೀಜದ ಚಟ್ನಿಪುಡಿ ಇದೆ. ಮೀನಿನಷ್ಟು ಫಲ ಸಿಗದಿದ್ದರೂ ಒಳ್ಳೆಯದು.

ಈ ಕಾಯಿಲೆಯಲ್ಲಿ ಎಲುಬು ಬೇಗ ತೆಳುವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಗಂಜಿ, ಮುದ್ದೆ, ಹಾಲು, ಮಜ್ಜಿಗೆ, ಬೆಳಗಿನ ಬಿಸಿಲು ಎಲ್ಲವೂ ಬೇಕು. ರಕ್ತಹೀನತೆಗೆ ನುಗ್ಗೆಸೊಪ್ಪು, ಹರಿವೆ, ಜೊತೆಗೆ ನೆಲ್ಲಿಕಾಯಿ ಅಥವಾ ಲಿಂಬೆ. ಆದರೆ ಕಾಯಿಲೆಯೇ ರಕ್ತವನ್ನು ತಗ್ಗಿಸಿರುವಾಗ ಸೊಪ್ಪು ಮಾತ್ರದಿಂದ ಏರುವುದಿಲ್ಲ, ಕಾಯಿಲೆ ಹತೋಟಿಗೆ ಬಂದಾಗ ಏರುತ್ತದೆ. ಮೈತೂಕ ಹೆಚ್ಚಿರುವವರು ನಾಲ್ಕೈದು ಕಿಲೋ ಇಳಿಸಿದರೂ ಮಂಡಿಗೆ, ಪಾದಕ್ಕೆ ದೊಡ್ಡ ಉಪಕಾರ.

ಬೀಡಿ ಸಿಗರೇಟಿನ ಹೊಗೆ ಕಾಯಿಲೆಯನ್ನು ಕೆರಳಿಸುತ್ತದೆ, ಮಾತ್ರೆಯ ಗುಣವನ್ನೂ ತಗ್ಗಿಸುತ್ತದೆ. ನಾವು ಸೇದದಿದ್ದರೂ ಮನೆಯೊಳಗೆ ಸೇದುವವರನ್ನು ಅಂಗಳಕ್ಕೆ ಕಳಿಸಬೇಕು. ಹಲ್ಲು, ವಸಡು ಸ್ವಚ್ಛವಾಗಿರಲಿ. ವಸಡಿನ ರೋಗಕ್ಕೂ ಈ ಕಾಯಿಲೆಗೂ ನಂಟಿದೆ.

ಅರಸಿನ, ಶುಂಠಿ, ಅಮೃತಬಳ್ಳಿ

ಅರಸಿನಕ್ಕೆ ಊತ ಇಳಿಸುವ ಗುಣ ಸ್ವಲ್ಪ ಇದೆ. ಸಾರಿಗೆ, ಹಾಲಿಗೆ ಹಾಕುವಷ್ಟು ಅರಸಿನ, ಶುಂಠಿ ಯಾರೂ ಹೆದರದೆ ಬಳಸಬಹುದು. ಅದರಿಂದ ಕಾಯಿಲೆ ಹೋಗುತ್ತದೆ ಎಂದು ನಂಬಬೇಡಿ. ಅಂಗಡಿಯಲ್ಲಿ ಸಿಗುವ ಗಟ್ಟಿ ಅರಸಿನದ ಕ್ಯಾಪ್ಸೂಲ್ ಬೇರೆ ಮಾತು. ಅದರಿಂದ ಕೆಲವರಿಗೆ ಯಕೃತ್ತಿಗೆ ತೊಂದರೆಯಾದದ್ದುಂಟು.

ಅಮೃತಬಳ್ಳಿ ಕಷಾಯವನ್ನು ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ದಿನಾ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಕುಡಿದ ಕೆಲವರಲ್ಲಿ ಯಕೃತ್ತು ಊದಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿಯನ್ನು ತಪ್ಪಿ ಬಳಸಿರಬಹುದು ಎಂದಿತು. ಆ ಚರ್ಚೆ ಏನೇ ಇರಲಿ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಯಕೃತ್ತಿಗೆ ಆಗಲೇ ಒಂದು ಹೊರೆ ಇದೆ. ಕಾವಲು ವ್ಯವಸ್ಥೆ ಆಗಲೇ ಕೆರಳಿರುವಾಗ ಅದನ್ನು ಇನ್ನೂ ‘ಹೆಚ್ಚಿಸುವ’ ಕಷಾಯ ನಮಗೆ ಬೇಡ. ಆಯುರ್ವೇದ ಚಿಕಿತ್ಸೆ ಬೇಕೆನ್ನುವವರು ಪದವಿ ಇರುವ ವೈದ್ಯರ ಹತ್ತಿರವೇ ಹೋಗಿ, ಎರಡೂ ಕಡೆಯ ವೈದ್ಯರಿಗೆ ಎರಡೂ ಕಡೆಯ ಚೀಟಿ ತೋರಿಸಿ.

ಇವುಗಳನ್ನು ಮಾತ್ರ ಮಾಡಬೇಡಿ

• ಹೆಸರು, ಕಂಪೆನಿ ಬರೆಯದ ಪುಡಿ, ಗುಳಿಗೆ ನುಂಗಬೇಡಿ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನಕ್ಕೆ ನೋವು ಮಾಯವಾಗುತ್ತದೆ. ಆಮೇಲೆ ಮುಖ ಊದುತ್ತದೆ, ಸಕ್ಕರೆ, ಬಿ.ಪಿ. ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಒಳಗೆ ಗಂಟು ಸವೆಯುವುದು ಮಾತ್ರ ಗೊತ್ತಾಗುವುದೇ ಇಲ್ಲ. ತಿಂಗಳುಗಟ್ಟಲೆ ಅಂಥದ್ದನ್ನು ತಿಂದವರು ತಟ್ಟನೆ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ.

• ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

• ಬರೆ ಹಾಕಿಸಬೇಡಿ. ಗೇರೆಣ್ಣೆ, ಎಕ್ಕದ ಹಾಲು ಹಚ್ಚಬೇಡಿ. ಚರ್ಮ ಸುಟ್ಟು ಹುಣ್ಣಾಗುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

• ಗುಣ ಕಂಡಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗುಣ ಕಂಡದ್ದು ಮಾತ್ರೆಯಿಂದ.

ಸಂಘ ಏನು ಮಾಡಬಹುದು?

ಹನಿಗೂಡಿದರೆ ಹಳ್ಳ ಎಂದು ಹಣದ ವಿಷಯದಲ್ಲಿ ನಾವು ಕಲಿತಿದ್ದೇವೆ. ಆರೋಗ್ಯದಲ್ಲೂ ಅದೇ ಮಾತು.

ಮಗಳ ಮದುವೆಗೆ, ದನ ಕೊಳ್ಳಲು ಸಾಲ ಕೊಡುವ ಸಂಘ, ರಕ್ತ ಪರೀಕ್ಷೆಗೆ ಮತ್ತು ಬಸ್ಸಿನ ಖರ್ಚಿಗೆ ಸಣ್ಣ ಆಂತರಿಕ ಸಾಲ ಕೊಡಲು ಒಂದು ನಿರ್ಣಯ ಬರೆದಿಡಲಿ. ಕೈ ಹೋದ ಮೇಲೆ ದೊಡ್ಡ ಸಾಲ ತೀರಿಸುವವರು ಯಾರು? ಮೊದಲ ಸಲ ಆಸ್ಪತ್ರೆಗೆ ಹೋಗುವವರ ಜೊತೆ ಒಬ್ಬರು ಹೋಗಿ. ವೈದ್ಯರು ಹೇಳಿದ್ದನ್ನು ನಾಲ್ಕು ಕಿವಿ ಕೇಳಿದರೆ ಮರೆಯುವುದಿಲ್ಲ. ಮಾತ್ರೆಯನ್ನು ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಕೇಳಿ, ಅಲ್ಲಿ ಇಲ್ಲದಿದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಬೆಲೆ ಬಹಳ ಕಡಿಮೆ.

ಊತ ಜೋರಾದ ವಾರ ಆ ಸದಸ್ಯೆಯ ನೀರು, ಬಟ್ಟೆಯ ಕೆಲಸಕ್ಕೆ ಸರದಿಯಂತೆ ಒಬ್ಬೊಬ್ಬರು ಕೈಜೋಡಿಸಬಹುದು. ನಾಟಿಯ ಕಾಲದಲ್ಲಿ ಮುಯ್ಯಾಳು ಮಾಡಿಕೊಂಡವರೇ ನಾವು, ಇದು ಹೊಸದಲ್ಲ. ಅವರ ಮನೆಯವರಿಗೆ ಒಬ್ಬರೇ ಹೇಳಿದರೆ ಕೇಳದ ಮಾತನ್ನು ಮೂರು ನಾಲ್ಕು ಜನ ಹೋಗಿ ಹೇಳಿದರೆ ಕೇಳುತ್ತಾರೆ. ಗಂಟುಗಳು ಆಗಲೇ ಸೊಟ್ಟಗಾಗಿ ಕೆಲಸ ಮಾಡಲು ಆಗದವರಿದ್ದರೆ, ಜಿಲ್ಲಾ ಆಸ್ಪತ್ರೆಯಲ್ಲಿ ಅಂಗವಿಕಲತೆಯ ಪ್ರಮಾಣ ನೋಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದರೆ ಕೆಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಆ ದಿನಕ್ಕಾಗಿ ಕಾಯುವುದು ಬೇಡ, ಮುಂದಿನ ಸಭೆಯಲ್ಲೇ ಎಲ್ಲರೂ ಒಮ್ಮೆ ಕೈ ಮುಂದೆ ಚಾಚಿ, ಒಬ್ಬರು ಇನ್ನೊಬ್ಬರ ಗಂಟು ಒತ್ತಿ ನೋಡಿ.

ಸಭೆಯಲ್ಲಿ ಚರ್ಚಿಸಲು

1. ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿತ ಇರುವವರು ನಮ್ಮ ಸಂಘದಲ್ಲಿ ಎಷ್ಟು ಜನ? ಅವರು ವೈದ್ಯರಿಗೆ ತೋರಿಸಿದ್ದಾರೆಯೇ?
2. ಹೆಸರಿಲ್ಲದ ಪುಡಿ, ಗುಳಿಗೆ ನಮ್ಮ ಊರಲ್ಲಿ ಯಾರಾದರೂ ತಿನ್ನುತ್ತಿದ್ದಾರೆಯೇ? ಅವರಿಗೆ ಯಾರು ಹೇಳುವುದು, ಹೇಗೆ ಹೇಳುವುದು?
3. ನಮ್ಮ ಮನೆಗೆಲಸದಲ್ಲಿ ಬೆರಳಿಗೆ ಹೆಚ್ಚು ಭಾರ ಬೀಳುವ ಕೆಲಸ ಯಾವುದು? ಅದನ್ನು ಹಂಚಿಕೊಳ್ಳಬೇಕಾದವರು ಯಾರು?
4. ಪರೀಕ್ಷೆ ಮತ್ತು ಪ್ರಯಾಣದ ಖರ್ಚಿಗೆ ಸಂಘದಿಂದ ಎಷ್ಟು ಸಾಲ ಕೊಡಬಹುದು, ಎಷ್ಟು ಕಂತಿನಲ್ಲಿ? ನಿರ್ಣಯ ಪುಸ್ತಕದಲ್ಲಿ ಬರೆಯಿರಿ.